ತೂಕ

ರಾಯಚೂರ ಗಂಜಿನ್ಯಾಗ, ಮೊಬೈಲ್ ಅಂಗಡಿ ಮ್ಯಾಲ ಕ್ಲಾಸು.
ಫೀಸು ನಲವತ್ತೆರಡು ಸಾವಿರ,
ಬೂಟು ಹೆಲ್ಮೆಟ್ಟು ಬ್ಯಾರೆ.
ಮೆಟ್ಟಿಲ ಕೆಳಗಿನ ಕೆಂಪು ಸಿಲಿಂಡರಿನ ಮ್ಯಾಲ
ಎರಡು ವರ್ಷದ ಹಿಂದಿನ ತಾರೀಖು.

ಅಪ್ಪ ಜಿನ್ನಿಂಗ್ ಮಿಲ್ಲಿನ ತೂಕದವ.
ಹಚ್ಚದ ಬೀಡಿ ಕಿವಿಗಿಟ್ಟುಕೊಂಡು ಕೇಳಿದ:
‘ಆರು ತಿಂಗಳ ಕೂಲಿ ಹೋತು, ಫೀಸೂ ಹೋತು.
ಶಕ್ತಿನಗರದಾಗ ಎಷ್ಟು ಕೊಡ್ತಾರ?’
‘ಗುತ್ತಿಗಿ ಮ್ಯಾಲ ಹದಿನಾಲ್ಕು.’
‘ಬೆಂಕಿ ಬೀಳಲಿಲ್ಲಂದ್ರ?’
‘ಬೀಳಬಾರದಂತನ ಪಗಾರ.’
ನಕ್ಕ.
ಏನೂ ಆಗದ್ದಕ್ಕ ರೊಕ್ಕ ಎಣಿಸೋ ಸಾವುಕಾರನ್ನ
ಅಂವ ಇನ್ನೂ ಕಂಡಿಲ್ಲ.

ಹತ್ತಿಯ ಬೆಂಕಿ ಒದರೋದಿಲ್ಲ.
ಅಂಡಿಗಿ ಹೊಟ್ಟ್ಯಾಗ ಕೂತು
ಮೂರು ದಿನ ಸುಮ್ಮನ ಉಣ್ತದ.
ಹೋದ ಮಾಘದಾಗ ಅದನ್ನ ಮೂಗಿಲೆ ಹಿಡಿದಾಕಿ
ಕಸ ಹೊಡೆಯೋ ಖಾಜಾಬಿ.
ನೂರು ಅಂಡಿಗಿಯೊಳಗ ಒಂದಕ್ಕ ಅಂಗೈ ಇಟ್ಟು,
‘ಇದು. ಇದನ್ನ ಹೊರಗ ಎಳೀರಿ’ ಅಂದ್ಲು.
ಮಿಲ್ಲು ಉಳೀತು.
ಅಕಿಗೆ ಒಂದು ಕಪ್ಪು ಚಾ.

ರಾತ್ರಿ ತೂಕದ ಚೀಟಿ ಬೆನ್ನಿಗೆ ಅಪ್ಪ ಬರೆದ:
ಮೊದಲ ಕಂತು, ಹತ್ತು ಸಾವಿರ.
ಜಮಾದ ಕಡೆ ಏನೂ ಬರೀಲಿಲ್ಲ.

ಮುಂಜಾನೆ ಖಾಜಾಬಿ ಕೇಳಿದ್ಲು:
‘ಆ ಕಾಗದ ನನಗೂ ಕೊಡ್ತಾರೇನು?’
ಹತ್ತನೇತ್ತ ಪಾಸಾಗಿರಬೇಕು ಅನ್ನೋದು
ನನ್ನ ಬಾಯಿಂದ ಬರಲಿಲ್ಲ.