ಮದ್ದು

ಇಪ್ಪತ್ತೇಳು ವರ್ಷ ಹಾಲ್ಸೆಮಾ ಹೆದ್ದಾರಿಯ ತಿರುವುಗಳಲ್ಲಿ
ನಿನ್ನ ಸಾವನ್ನು ಜೀಪಿಗೆ ತುಂಬಿಕೊಂಡು ಅಲೆದವನು ನಾನು.
ಸಾವು ಅನ್ನುತ್ತಿರಲಿಲ್ಲ ಯಾರೂ.
ಅಗಾಸ್ ಅನ್ನುತ್ತಿದ್ದೆವು. ಮದ್ದು.
ಮಂಜು ಕವಿದ ಬುಗಿಯಾಸಿನ ಮೆಟ್ಟಿಲು ಹೊಲಗಳಲ್ಲಿ
ಕೋಸು ರೋಗಿ, ನೀನು ರೋಗ,
ನಾನು ವೈದ್ಯ,
ಟೋಪಿಯ ಮೇಲೆ ಕಂಪನಿಯ ಹೆಸರು.

ನೀನೋ ನನ್ನ ಕಿರುಬೆರಳಿನ ಉಗುರಿನಷ್ಟು.
ಮುಟ್ಟಿದರೆ ಹಿಂದಕ್ಕೆ ಕೊಸರಿ, ನೂಲು ಬಿಟ್ಟು,
ಎಲೆಯಿಂದ ಜೋತು ಬೀಳುತ್ತೀಯೆ.
ಎಲ್ಲ ತಣ್ಣಗಾದ ಮೇಲೆ ಅದೇ ನೂಲು ಹತ್ತಿ
ಬಿಟ್ಟುಹೋದ ತೂತಿಗೇ ಮತ್ತೆ ಬಾಯಿ ಹಚ್ಚುತ್ತೀಯೆ.

ಕೋಸೇನು ಬಾಯಿಲ್ಲದ ಬಡಪಾಯಿಯಲ್ಲ.
ಎಲೆಯೊಳಗೆ ಒಂದು ಕೋಣೆಯಲ್ಲಿ ಮದ್ದು,
ಪಕ್ಕದ ಕೋಣೆಯಲ್ಲಿ ಕಿಡಿ,
ನಡುವೆ ಕೂದಲೆಳೆಯ ಗೋಡೆ.
ಕಚ್ಚಿದವನ ಹಲ್ಲಿಗೆ ಗೋಡೆ ಬಿರಿದು
ಸಾಸಿವೆಯ ಘಾಟು ನೆತ್ತಿಗೇರಬೇಕು.
ಎಷ್ಟು ಹುಳುಗಳ ವಂಶ ಅಲ್ಲಿಗೇ ನಿಂತಿತೋ.

ನೀನು ಮಾತ್ರ
ಕಿಡಿ ಬಂದು ಮುಟ್ಟುವ ಮೊದಲೇ
ಕರುಳಿನ ಕತ್ತಲಲ್ಲಿ ಬತ್ತಿ ಕಿತ್ತಿಟ್ಟೆ.
ಮದ್ದಿನ ತುದಿಯಿಂದ ಒಂದು ಗಂಧಕದ ಚೂರು
ಕತ್ತರಿಸಿದೆ, ಅಷ್ಟೆ.
ಕಿಡಿ ಬಂತು, ತಡಕಾಡಿತು,
ಹೊತ್ತಿಸಲು ಏನೂ ಸಿಗದೆ ತಣ್ಣಗೆ ಕೂತಿತು.

ನಿನ್ನ ತಾಯಂದಿರು ಇನ್ನೂ ಗಟ್ಟಿಗಿತ್ತಿಯರು.
ಯಾವ ಘಾಟು ಬರಬೇಡ ಎಂದು ಗದರಿತ್ತೋ
ಅದರ ಜಾಡು ಹಿಡಿದೇ ಕತ್ತಲಲ್ಲಿ ಹಾರಿಬಂದು
ಎಲೆಯಡಿ ಮೊಟ್ಟೆಯಿಟ್ಟರು.
ಬಾಗಿಲ ಮೇಲೆ ಬರೆದ ಬೈಗುಳವೇ
ನಿಮಗೆ ಮನೆ ನಂಬರು.

ಇದೆಲ್ಲ ನನಗೆ ತಿಳಿದದ್ದು ತೀರ ತಡವಾಗಿ.

ಮೊದಲ ವರ್ಷದ ಬಾಟಲಿಗೆ ನೀನು ನುಚ್ಚಿನ ಹಾಗೆ ಉದುರಿದೆ.
ಫ್ಲೋರಿಯಾ ಬಲಗೇಯ್ ಖುಷಿಯಾಗಿ ನನಗೊಂದು ಹುಂಜ ಕೊಟ್ಟಳು.
ಮೂರನೆಯ ವರ್ಷ ಒಂದು ಮುಚ್ಚಳದ ಜಾಗದಲ್ಲಿ ಎರಡು.
ಐದರಲ್ಲಿ ಎರಡು ಬಾಟಲಿ ಬೆರೆಸಿ,
ಜೊತೆಗೆ ಸೋಪಿನ ಪುಡಿ, ಜೊತೆಗೆ ಒಂದು ಪ್ರಾರ್ಥನೆ.
ಹೊಸ ಮದ್ದಿನ ಹೆಸರು ಹಳೆಯದಕ್ಕಿಂತ ಉದ್ದ,
ಬೆಲೆ ಅದಕ್ಕಿಂತ ಉದ್ದ.
"ತಮ್ಮಾ," ಎಂದಳು ಒಮ್ಮೆ, ಮೂಗಿಗೆ ಕಟ್ಟಿದ ಟವೆಲು ಬಿಚ್ಚುತ್ತ,
"ಹುಳಕ್ಕೆ ಶಾಲೆ ತೆರೆದಿದ್ದೀಯ ನೀನು.
ಫೀಸು ಕಟ್ಟುತ್ತಿರುವವಳು ನಾನು."
ನಕ್ಕೆ. ಆರ್ಡರು ಬರೆದುಕೊಂಡೆ.

ಆದರೆ ನೀನು ಕಲಿಯಲಿಲ್ಲ, ಅಲ್ಲವೆ?
ಕಲಿಯಲು ಯಾರಿಗೂ ನಾನು ಬಿಡುವು ಕೊಟ್ಟಿರಲಿಲ್ಲ.
ಸಾವಿರದಲ್ಲೊಂದರ ಹೊಟ್ಟೆಯಲ್ಲಿ ಮೊದಲೇ ಇತ್ತು
ಎಲೆಯ ನಂಜಿಗೆಂದು ಮಸೆದಿಟ್ಟ ಹಳೆಯ ಕತ್ತಿ.
ಬಾಟಲಿಯ ನಂಜನ್ನೂ ಅದು ಹಾಗೇ ಕೊಯ್ದಿತು.
ಉಳಿದ ಒಂಬೈನೂರಾ ತೊಂಬತ್ತೊಂಬತ್ತನ್ನು ಗುಡಿಸಿ
ಆ ಒಂದಕ್ಕೆ ಇಡೀ ಬೆಟ್ಟ ಬಿಟ್ಟುಕೊಟ್ಟವನು ನಾನೇ.

ಬಾಗಿಯೊದ ಆಸ್ಪತ್ರೆಯಲ್ಲಿ ಎಳೆ ಮೀಸೆಯ ಡಾಕ್ಟರು
ಲಿವರು ದಣಿದಿದೆ, ಎಷ್ಟು ಕುಡಿದಿರಿ ಎಂದ.
ಹಬ್ಬಗಳಲ್ಲಿ ಕುಡಿದ ಅಕ್ಕಿಹೆಂಡದ ಲೆಕ್ಕ ಕೊಟ್ಟೆ.
ಬರಿಗೈಯಲ್ಲಿ ಕಲಕಿದ ಬಕೆಟ್ಟುಗಳ ಲೆಕ್ಕ ಕೊಡಲಿಲ್ಲ.
ಗೋಡೆಯ ಪಟ ತೋರಿಸಿ ಅವನೇ ಹೇಳಿದ:
ಒಳಗೆ ಕಿಣ್ವಗಳಿವೆ ತಾತಾ, ವಿಷವನ್ನು ಕಡಿದು,
ನೀರಲ್ಲಿ ಕರಗುವಂತೆ ಮಾಡಿ, ಹೊರಗೆ ಕಳಿಸುವಂಥವು.
ಬಹಳ ಹಳೆಯ ಮನೆತನ. ಹುಳುಗಳಲ್ಲೂ ಇವೆ.
"ಯಾವ ಹುಳುಗಳಲ್ಲಿ?"
ಪೆನ್ನಿನ ಮುಚ್ಚಳ ಹಾಕಿ ನಕ್ಕ. ಎಲ್ಲದರಲ್ಲೂ.

ದಾಯಾದಿಗಳು ಹಾಗಾದರೆ ನಾವು.
ಒಂದೇ ಕತ್ತಿ ಹಂಚಿಕೊಂಡ ಎರಡು ಮನೆ.
ನಿನ್ನ ಪಾಲಿನದು ಇನ್ನೂ ಚೂಪಾಗಿದೆ.

ಕಳೆದ ವಾರ ಫ್ಲೋರಿಯಾ ಒಂದು ಕೋಸು ಕಳಿಸಿದ್ದಳು,
ಲಾರಿಗೆ ಹಾಕದೆ, ಮನೆಗೆಂದು ಹಿತ್ತಿಲಲ್ಲಿ ಬೆಳೆದದ್ದು,
ಮೈಯೆಲ್ಲ ತೂತು.
ಹೊರಗಿನ ಎಲೆ ಬಿಡಿಸಿ ಹಸಿಯಾಗಿಯೇ ಕಚ್ಚಿದೆ.
ನಾಲಗೆಯ ಬುಡದಲ್ಲಿ ಸಣ್ಣಗೆ ಚುರ್ ಎಂದಿತು.
ನನ್ನನ್ನು ಉದ್ದೇಶಿಸಿ ಆಡಿದ ಮಾತಲ್ಲ ಅದು.

ತಟ್ಟೆಯ ಅಂಚಿನಿಂದ ನೀನು
ನೂಲು ಬಿಟ್ಟು ಜೋತಿದ್ದೆ,
ನನ್ನ ಉಸಿರು ತಣ್ಣಗಾಗಲೆಂದು
ಕಾಯುತ್ತ.