ಇಪ್ಪತ್ತೊಂದನೆಯ ಜೋಡಿ

ನನ್ನ ಬೆನ್ನಿಗೆ ಬಿದ್ದವನು ರೆನಾರ್ಸ್.
ಹದಿನೇಳು ತಿಂಗಳ ಅಂತರ. ಒಂದೇ ಕೆಮ್ಮು, ಒಂದೇ ಸ್ವೆಟರು,
ನನಗೆ ಬಿಗಿಯಾದ ಸ್ಕೇಟು ಅವನಿಗೆ ಸಡಿಲ.
ವಿಂಡ್ಸರಿನ ತಗಡು ಛಾವಣಿಯ ರಿಂಕಿನಲ್ಲಿ
ಹಾಕಿ ಆಡುವ ಹುಡುಗರು ಏಳುವ ಮುಂಚೆ
ನಮಗೆ ಐವತ್ತು ನಿಮಿಷದ ಐಸು, ಅದೂ ಸಾಲದ ಲೆಕ್ಕದಲ್ಲಿ.

ಹೆದ್ದಾರಿ ಬದಿಯ ಮೋಟೆಲ್ಲಿನಲ್ಲಿ ಅಮ್ಮ
ದಿನಕ್ಕೆ ಇಪ್ಪತ್ತೆರಡು ಕೋಣೆಯ ಹಾಸಿಗೆ ಹಾಸುತ್ತಿದ್ದಳು.
ಭಾನುವಾರ ನಮ್ಮನ್ನೂ ಕರೆಯುತ್ತಿದ್ದಳು, ಮಡಚುವುದಕ್ಕೆ.

ಈ ದೇಶದಲ್ಲಿ ಸಾಲು ಉದ್ದ. ನಮ್ಮ ಮುಂದೆ ಒಂಬತ್ತು ಜೋಡಿ,
ಎಲ್ಲರಿಗೂ ನಮಗಿಂತ ನೀಳ ಕಾಲು.
ಒಂದು ಬೆಳಗ್ಗೆ ಕೋಚ್ ಕಾಫಿ ಕಲಕುತ್ತ ಕೇಳಿದಳು,
ಛತ್ರಿ ಎಲ್ಲಿಟ್ಟೆ ಅನ್ನುವಷ್ಟು ಸಲೀಸಾಗಿ,
"ನಿಮ್ಮ ತಾಯಿ ಯಾವ ದೇಶದವಳು?"

ಅಮ್ಮ ಮೂರು ದಿನ ತುಟಿಪಿಟಕ್ಕೆನ್ನಲಿಲ್ಲ.
ನಾಲ್ಕನೆಯ ದಿನ ಬಿಸ್ಕತ್ತಿನ ಡಬ್ಬಿ ತೆರೆದು
ಮಡಿಕೆಯಲ್ಲೇ ಹರಿದಿದ್ದ ಜನನಪತ್ರ ತೆಗೆದಿಟ್ಟಳು:
ಲಿಯೆಪಾಯಾ. ಗಾಳಿ ಹುಟ್ಟುವ ಊರು ಅನ್ನುತ್ತಾರಂತೆ.
ಮುನಿದು ಬಿಟ್ಟ ಮನೆಯೊಳಕ್ಕೆ ಮಕ್ಕಳನ್ನು ಮುಂದೆ ತಳ್ಳಿ
ತಾನು ಮೆಟ್ಟಿಲ ಕೆಳಗೇ ನಿಂತವಳ ಹಾಗೆ.

ರೀಗಾದಲ್ಲಿ ಅಧಿಕಾರಿ ನಮ್ಮ ಹೊಸ ಪಾಸ್‌ಪೋರ್ಟು ತಿರುವಿದ.
"ಹಾಕಿ ತಂಡವಾ?" "ಅಲ್ಲ, ನೃತ್ಯ."
"ಗಂಡ ಹೆಂಡತಿಯಾ?" "ಅಲ್ಲ, ತಮ್ಮ."
ಪಾಪ ಅನ್ನುವ ಹಾಗೆ ನೋಡಿ ಒಳಗೆ ಬಿಟ್ಟ.

ಅಮ್ಮನ ನುಡಿ ನನಗೆ ಒಂದು ಅಡುಗೆಮನೆಯಷ್ಟೇ ಅಗಲ:
ಬಾ, ರೊಟ್ಟಿ, ಹುಷಾರು, ಸಾಕು.
ಟೀವಿಯವಳು ಮೈಕು ಚಾಚಿ ಏನೋ ಉದ್ದ ಕೇಳಿದಾಗ
"ಹುಷಾರು," ಅಂದೆ. ಅವಳು ಕಾದಳು. "ಸಾಕು," ಅಂದೆ.
ಮರುದಿನ ಪತ್ರಿಕೆಯಲ್ಲಿ ಅದೇ ತಲೆಬರಹ.
ರೆನಾರ್ಸ್ ಕತ್ತರಿಸಿ ತನ್ನ ಸ್ಕೇಟಿನ ಪೆಟ್ಟಿಗೆಗೆ ಅಂಟಿಸಿಕೊಂಡ.

ಆರು ವರ್ಷ ನಾವು ರಾಷ್ಟ್ರೀಯ ಚಾಂಪಿಯನ್ನರು.
ಆರು ವರ್ಷವೂ ಕಣಕ್ಕಿಳಿದ ಜೋಡಿ ಒಂದೇ.

ಉಳಿದವರೆಲ್ಲ ಪ್ರೇಮ ಕುಣಿಯುತ್ತಿದ್ದರು,
ಕೊರಳಿಗೆ ಕೊರಳು, ರೆಪ್ಪೆಗೆ ರೆಪ್ಪೆ.
ನಾವು ಗೂಬೆಗಳಾದೆವು, ಗಡಿಯಾರದ ಮುಳ್ಳುಗಳಾದೆವು,
ಒಂದು ವರ್ಷ ಬೆಳ್ಳಿ ಚಮಚ ಕದ್ದ ಇಬ್ಬರು ಕಳ್ಳರು.
ತೀರ್ಪುಗಾರರು ಹೇಳಿ ಕಳಿಸಿದರು: ಅಚ್ಚುಕಟ್ಟು ಇದೆ, ಕಾವು ಇಲ್ಲ.

ಕೊನೆಯ ವರ್ಷ ಹಾಸುಬಟ್ಟೆ ಮಡಚಿದೆವು.
ದೂರ ನಿಂತು ಮೂಲೆ ಹಿಡಿ, ಜಗ್ಗು, ಒಮ್ಮೆ ಕೊಡವು,
ನಡೆದು ಬಾ, ನಿನ್ನ ಅಂಚು ನನ್ನ ಕೈಗೆ ಕೊಡು,
ಬಗ್ಗಿ, ಜೋತ ಮಡಿಕೆ ಎತ್ತಿಕೋ, ಹಿಂದೆ ಸರಿ.
ಬಟ್ಟೆ ಇಲ್ಲ, ಬರೀ ಕೈ. ನಾಲ್ಕು ನಿಮಿಷ.
ಆರನೆಯ ವಯಸ್ಸಿಗೇ ಬರುತ್ತಿದ್ದ ಹೆಜ್ಜೆ
ಇಪ್ಪತ್ತೇಳಕ್ಕೆ ಹೊಳೆಯಿತು.

ಯುರೋಪಿನ ಪಂದ್ಯದಲ್ಲಿ ಮೊದಲ ದಿನ ದಾಟುವವರು ಇಪ್ಪತ್ತು ಜೋಡಿ.
ನಾವು ಇಪ್ಪತ್ತೊಂದು. ಒಂದು ಅಂಕದ ನೂರರಲ್ಲಿ ಹನ್ನೊಂದು ಪಾಲು ಕಡಿಮೆ.
ಎರಡನೆಯ ದಿನ ಪ್ರೇಕ್ಷಕರ ನಡುವೆ ಕೂತು
ಉಪ್ಪು ಹಚ್ಚಿದ ಬಾದಾಮಿ ತಿಂದೆವು, ಚಪ್ಪಾಳೆ ತಟ್ಟಿದೆವು.
ಎದ್ದರೆ ನನ್ನ ಸೊಂಟ ಆಗಲೇ ಲಟಕ್ ಅನ್ನುತ್ತಿತ್ತು.

ಆ ಕುಣಿತವನ್ನು ಕಂಡವರು ಲಿಯೆಪಾಯಾದ ರಿಂಕಿನಲ್ಲಿ
ಎಣಿಸಿದರೆ ನಲವತ್ತಮೂರು ಜನ.
ಅಮ್ಮ ಇಪ್ಪತ್ತೊಂಬತ್ತು ವರ್ಷದ ಮೇಲೆ ಬಂದಿದ್ದಳು, ಕೋಟು ಬಿಚ್ಚದೆ ಕೂತಳು.
ಒಂದು ಕುರ್ಚಿ ಬಿಟ್ಟು ಅವಳ ಅಕ್ಕ,
ಮನೆಯ ಪಾಲಿನ ಜಗಳಕ್ಕೆ ಮಾತು ಬಿಟ್ಟ ದೊಡ್ಡಮ್ಮ.
ಮೂರನೆಯ ಮಡಿಕೆಗೆ ರೆನಾರ್ಸ್ ನನ್ನತ್ತ ಜಾರಿ ಬರುವಾಗ
ಅವನ ಹೆಗಲಾಚೆ ಕಂಡೆ:
ಇಬ್ಬರು ಹೆಂಗಸರ ಕೈ, ಅವರವರ ಮಡಿಲಲ್ಲಿ,
ಹೆಬ್ಬೆರಳಿಂದ ಅಂಚು ತೀಡುತ್ತಿತ್ತು.
ಮಾತಾಡಿದರೋ ಇಲ್ಲವೋ ತಿಳಿಯದು. ನಾನು ಎಣಿಕೆ ತಪ್ಪಿದೆ.

ಈಗ ಸೊಂಟದಲ್ಲಿ ಲೋಹ. ಅವನು ಕ್ಯಾಲ್ಗರಿಯಲ್ಲಿ ಟೈರು ಮಾರುತ್ತಾನೆ.
ಒಬ್ಬಳೇ ಮಡಚುವಾಗ ನಡುವನ್ನು ಗದ್ದದಡಿ ಒತ್ತಿ
ತೋಳು ಎಷ್ಟು ಚಾಚಿದರೂ
ಒಂದು ಮೂಲೆ ನೆಲಕ್ಕೆ ತಾಗುತ್ತದೆ.
ಆಗ ಫೋನು ಮಾಡುತ್ತೇನೆ. ಅವನು ಎತ್ತಿ, ಅಮ್ಮನ ನುಡಿಯಲ್ಲಿ,
ಹಲೋ ಬದಲು ಅನ್ನುತ್ತಾನೆ: "ರೊಟ್ಟಿ."