ನಡುವಿನ ದನಿ

ಹೆಬ್ಬಾಳದ ಮೇಲ್ಸೇತುವೆ ಏಳೂವರೆಗೇ
ಗಂಟಲು ಕಟ್ಟಿಕೊಂಡು ನಿಂತಿರುತ್ತದೆ.
ಅದರಾಚೆ, ಕಾಂಪೌಂಡಿನೊಳಗೆ, ತಗಡಿನ ಸೂರಿನಡಿ
ಹಂದಿಗಳಿಗೆ ನಾನು ಎರಡು ದನಿ ಕಲಿಸುತ್ತೇನೆ.

ಸಣ್ಣ ದನಿಯೆಂದರೆ ಗೇಟಿನಾಚೆ ಸೇಬಿನ ಹೋಳು.
ದಪ್ಪ ದನಿಯೆಂದರೆ ಮುಖದೆದುರು ಪಟಪಟ ಒದರುವ ಪ್ಲಾಸ್ಟಿಕ್ ಚೀಲ.
ಒಂಬತ್ತು ದಿನ ಸಾಕು ಅವಕ್ಕೆ. ಹದಿನೇಳನೆಯದಕ್ಕೆ ನಾಲ್ಕೇ.
ಸ್ಕೂಟರಿನ ಗೇರು ಹಿಡಿಯಲು
ನನಗೆ ಒಂದು ಇಡೀ ಬೇಸಿಗೆ ಬೇಕಾಗಿತ್ತು.

ಆಮೇಲೆ, ಯಾರೂ ಹೇಳಿಕೊಡದ ಮೂರನೆಯದು:
ಸಣ್ಣದೂ ಅಲ್ಲದ, ದಪ್ಪವೂ ಅಲ್ಲದ ನಡುವಿನ ದನಿ.
ಓಡಿ ಬಂದರೆ ಒಂದರ್ಥ,
ಕಿವಿ ಹಿಂದಕ್ಕೆ ಮಡಚಿ ನಿಂತಲ್ಲೇ ನಿಂತರೆ ಇನ್ನೊಂದು.
ಸ್ಟಾಪ್‌ವಾಚ್ ಹಿಡಿದು ನಾನು ಅಳೆಯುವುದು ಇದನ್ನೇ.
ನನ್ನ ಗೈಡು ಇದಕ್ಕಿಟ್ಟ ಹೆಸರು ಒಂದು ಸಾಲಿನಲ್ಲಿ ಹಿಡಿಸುವುದಿಲ್ಲ.
ಅಕ್ಕಯಮ್ಮ ಎಲ್ಲ ಕೇಳಿ, ಬಕೆಟ್ ಕೆಳಗಿಟ್ಟು, ಅಂದಳು:
'ಅಂದ್ರೆ ಒಳ್ಳೇದಾಗ್ತದೆ ಅಂತ ಅನ್ಕೋತದಾ ಇಲ್ವಾ, ಅಷ್ಟೇ ತಾನೆ?'
ಅಷ್ಟೇ, ಅಕ್ಕಯಮ್ಮ.

ಒಂದು ಕೋಣೆಯಲ್ಲಿ ಬರೀ ಸಿಮೆಂಟು.
ಇನ್ನೊಂದರಲ್ಲಿ ಭತ್ತದ ಹುಲ್ಲು, ಗೋಣಿತಾಟು,
ಉರುಳಿಸಿಕೊಂಡು ಆಡಲು ಒಂದು ಒಣ ತೆಂಗಿನಕಾಯಿ.
ಮೂತಿ ಇರುವುದೇ ಕೆದಕಲಿಕ್ಕೆ.
ಸಿಮೆಂಟಿನಲ್ಲಿ ಕೆದಕಲು ಏನಿದೆ?
ಪಕ್ಕದ್ದರ ಬಾಲ.

ಅಕ್ಕಯಮ್ಮನ ಅಪ್ಪ ಲಿಂಗರಾಜಪುರದ ಮೋರಿ ಬದಿಯಲ್ಲಿ ಹಂದಿ ಸಾಕಿದವನು.
ಕಾರ್ಪೊರೇಷನ್ನಿನವರು ಹಿಡಿಯಲು ಬರುವ ಹಿಂದಿನ ರಾತ್ರಿ
ಒಂದೂ ಮಲಗುತ್ತಿರಲಿಲ್ಲವಂತೆ, ಮರಿಗಳೂ ಸಹ.
'ಅವಕ್ಕೆ ಯಾರಮ್ಮ ಹೇಳಿದ್ರು?'
ನನ್ನ ಕೋಷ್ಟಕದಲ್ಲಿ ಅದಕ್ಕೆ ಮನೆಯಿಲ್ಲ.

ಸಂಜೆಯ ಬಸ್ಸು ಎಷ್ಟೇ ತುಂಬಿರಲಿ,
ಮೇಖ್ರಿ ಸರ್ಕಲ್ ದಾಟಿದರೂ ನನ್ನ ಪಕ್ಕದ ಸೀಟು ಖಾಲಿ.
ಅಮ್ಮ ಬಿಸಿನೀರು ಹಿತ್ತಲಲ್ಲೇ ಇಟ್ಟಿರುತ್ತಾಳೆ.
ಹಂದಿಯ ಸಂಗ ಮಾಡಿ ಕೆಟ್ಟ ಕರುವಿನ ಗಾದೆ
ಅವಳ ಬಾಯಲ್ಲಿ ಅರ್ಧಕ್ಕೆ ನಿಲ್ಲುತ್ತದೆ.
ಅವಳಿಗೆ ಗೊತ್ತಾಗದ ಹಾಗೆ, ಕಮ್ಮನಹಳ್ಳಿಯಲ್ಲಿ, ಗೆಳತಿಯರ ಜತೆ
ನಾನೂ ತಿಂದವಳೇ. ರುಚಿಯಾಗಿಯೇ ಇತ್ತು.
ಅದನ್ನು ಮುಚ್ಚಿಟ್ಟು ಇದನ್ನು ಬರೆಯಲಾರೆ.

ಐದನೇ ವಾರ ಅಂಕಿಗಳು ಬಂದವು.
ಹುಲ್ಲಿನವು ನಡುವಿನ ದನಿಗೆ ಓಡಿ ಬರುತ್ತವೆ.
ಸಿಮೆಂಟಿನವು ನಿಂತು ಯೋಚಿಸುತ್ತವೆ.
ಗೈಡು ಫೋನಿನಲ್ಲಿ ಭೇಷ್ ಅಂದರು,
ನಾನು ಕ್ಯಾಂಟೀನಿನಲ್ಲಿ ಎರಡು ಕಾಫಿ ಕುಡಿದೆ.

ಬುಧವಾರ ಲಾರಿ ಬಂತು.
ಹಿಂದಕ್ಕೆ ಬರುವಾಗ ಈ ಊರಿನ ಗಾಡಿಗಳು ಕುಯ್ಯುತ್ತವಲ್ಲ,
ಬ್ಯಾಟರಿ ಸತ್ತ ಆಟಿಕೆಯಂಥ ರಾಗ,
ಅದು ಸಣ್ಣದೂ ಅಲ್ಲ, ದಪ್ಪವೂ ಅಲ್ಲ.
ಸಿಮೆಂಟಿನ ಕೋಣೆ ಇಡೀ ಹಿಂದಿನ ಗೋಡೆಗೆ ಅಂಟಿತು.
ಹದಿನೇಳು ಮಾತ್ರ, ಬಾಲ ಸುರುಳಿ ಸುತ್ತಿ,
ಮೂತಿಯಲ್ಲಿ ಒಂದೆಳೆ ಹುಲ್ಲು ಅಂಟಿಸಿಕೊಂಡೇ
ಗೇಟಿಗೆ ಬಂದು ನಿಂತಿತು.
ಅಭ್ಯಾಸಬಲ. ನನ್ನ ಹೆಬ್ಬೆರಳು ವಾಚು ಒತ್ತಿಬಿಟ್ಟಿತ್ತು:
ಎರಡು ಸೆಕೆಂಡು, ಚಿಲ್ಲರೆ.

ಕೋಟಿನ ಜೇಬಿನಲ್ಲಿ ಒಂದು ಹೋಳಿತ್ತು, ಕೊಟ್ಟೆ.
ಕಣ್ಣು ಮುಚ್ಚಿ ಅಗಿಯಿತು. ರೆಪ್ಪೆಯ ಕೂದಲು ಬಿಳಿ.
ಇದು ಇಷ್ಟು ಬೇಗ ಓಡಿ ಬರುವ ಹಾಗೆ
ಮಾಡಿದವಳು ನಾನು.

ಖಾಲಿ ಕೋಣೆಗಳಿಗೆ ಪೈಪಿನಲ್ಲಿ ನೀರು ಬಿಡುತ್ತಾ ಅಕ್ಕಯಮ್ಮ ಕೇಳಿದಳು:
'ಮುಂದಿನವಕ್ಕೆ ಎರಡೂ ಕಡೆ ಹುಲ್ಲು ಹಾಕ್ಲಾ?'
ಒಂದು ಬರಿದಾಗಿರಬೇಕು, ಹೋಲಿಸಲಿಕ್ಕೆ, ಅಂದೆ.
ಅವಳು ನೀರಿನ ಕಡೆಗೇ ನೋಡುತ್ತಿದ್ದಳು.

ಶುಕ್ರವಾರ ಹೊಸ ಮರಿಗಳು, ಕಿವಿಯಲ್ಲಿ ಹಸಿ ಗಾಯದ ನಂಬರು.
ಸಿಮೆಂಟಿನ ಮೂಲೆಯಲ್ಲಿ, ಯಾರೋ ಮರೆತು ಹೋದ ಹಾಗೆ, ಒಂದು ಗೋಣಿಚೀಲ.
ಮೂರು ಮರಿ ಆಗಲೇ ಅದರೊಳಗೆ ತಲೆ ಹಾಕಿದ್ದವು.
ಅದನ್ನು ನಾನು ಪುಸ್ತಕದಲ್ಲಿ ಬರೆದುಕೊಳ್ಳಬೇಕಿತ್ತು.
ತಾರೀಕು ಹಾಕಿ, ಪೆನ್ನಿನ ಮುಚ್ಚಳ ಹಾಕಿದೆ.